ಮೊದಲ ಬೆದೆಗೆ ಕಾಯಬೇಡಿ

ಹೆಣ್ಣು ಬೆಕ್ಕು ಸಾಕಿದ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಒಂದು ಸಲ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸಿದರಾಯಿತು." ಮೂಕಪ್ರಾಣಿಗೆ ತಾಯ್ತನ ತಪ್ಪಿಸಬಾರದೆಂಬ ಕರುಣೆ ಇದರ ಹಿಂದಿದೆ. ಆ ಕರುಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ರೂಢಿ ಬೆಕ್ಕಿಗೂ ಒಳ್ಳೆಯದಲ್ಲ, ಹುಟ್ಟುವ ಮರಿಗಳಿಗಂತೂ ಅಲ್ಲವೇ ಅಲ್ಲ.

ಬೆದೆಗೆ ಬಂದ ಬೆಕ್ಕನ್ನು ಮೊದಲ ಸಲ ನೋಡಿದವರು ಗಾಬರಿಯಾಗುವುದೇ ಹೆಚ್ಚು. ನಿನ್ನೆಯವರೆಗೆ ದಾರದುಂಡೆ ಹಿಂದೆ ಓಡುತ್ತಿದ್ದ ಐದಾರು ತಿಂಗಳ ಮರಿ ಇವತ್ತು ನೆಲದ ಮೇಲೆ ಹೊರಳಾಡುತ್ತದೆ. ಬೆನ್ನು ಸವರಿದರೆ ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗ ಎತ್ತಿ, ಬಾಲ ಪಕ್ಕಕ್ಕೆ ಸರಿಸಿ, ಹಿಂಗಾಲುಗಳಲ್ಲಿ ನಿಂತಲ್ಲೇ ತುಳಿಯುತ್ತದೆ. ರಾತ್ರಿಯಿಡೀ ಎಳೆಗೂಸು ಅತ್ತಂತೆ ಕೂಗು. ನಾಯಿಯಲ್ಲಿ ಕಾಣುವ ರಕ್ತಸ್ರಾವ ಇಲ್ಲಿ ಕಾಣದು. ಹಾಗಾಗಿ ಹೊಟ್ಟೆನೋವೋ, ಸೊಂಟಕ್ಕೆ ಏಟು ಬಿತ್ತೋ ಎಂದು ಪಶುವೈದ್ಯರ ಬಳಿಗೆ ಓಡುವವರಿದ್ದಾರೆ.

ಈ ಸ್ಥಿತಿ ಸಾಮಾನ್ಯವಾಗಿ ಒಂದು ವಾರ ಇರುತ್ತದೆ. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದು ಬಹುಮಟ್ಟಿಗೆ ಗಂಡಿನೊಡನೆ ಕೂಡಿದ ಮೇಲೆಯೇ. ಕೂಡದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಬೆದೆ. ಇದನ್ನು ನಡೆಸುವುದು ಹಗಲಿನ ಉದ್ದ. ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿಯುವ ಲಂಡನ್ನಿನಂಥ ಊರಲ್ಲಿ ಬೆಕ್ಕಿಗೆ ಕೆಲವು ತಿಂಗಳು ಬಿಡುವು ಸಿಗುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆಯಷ್ಟೇ. ಸಾಲದ್ದಕ್ಕೆ ಮನೆಯಲ್ಲಿ ರಾತ್ರಿ ಹತ್ತರವರೆಗೆ ದೀಪ. ನಮ್ಮ ಬೆಕ್ಕುಗಳಿಗೆ ವರ್ಷವೆಲ್ಲಾ ಸೀಸನ್ನೇ.

ಒಮ್ಮೆ ಹೆತ್ತರೆ ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆಗೂ ಆಧಾರವಿಲ್ಲ. ಬೆಕ್ಕುಗಳ ಸ್ತನದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಿಗೆ ಈ ಕ್ಯಾನ್ಸರಿನ ಅಪಾಯ ಶೇ. 91ರಷ್ಟು, ವರ್ಷದೊಳಗೆ ಆದವಕ್ಕೆ ಶೇ. 86ರಷ್ಟು ಕಡಿಮೆಯಿತ್ತು. ಮರಿ ಹಾಕಿದ್ದರಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆಯೂ ಆಪರೇಷನ್‌ನಿಂದ ತಪ್ಪುತ್ತದೆ.

ಕಾಯುವುದಕ್ಕಿಂತ ಕೆಟ್ಟದ್ದು ಬೆದೆ ತಡೆಯಲು ಹಾರ್ಮೋನಿನ ಮಾತ್ರೆ, ಇಂಜೆಕ್ಷನ್ ಕೊಡಿಸುವುದು. ಕೂಗು ನಿಲ್ಲುತ್ತದೆ, ನಿಜ. ಆದರೆ ಅದೇ ಔಷಧ ಗರ್ಭಕೋಶದ ಸೋಂಕಿಗೆ, ಮೊಲೆಗಳು ಊದಿಕೊಳ್ಳುವುದಕ್ಕೆ, ಸಕ್ಕರೆ ಕಾಯಿಲೆಗೆ ದಾರಿ ಮಾಡಬಲ್ಲದು. ನೆರೆಯವರ ನಿದ್ದೆಗಾಗಿ ಬೆಕ್ಕಿನ ಮೈಯನ್ನು ಹೀಗೆ ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಮರಿಗಳು. ಗರ್ಭದ ಅವಧಿ ಎರಡು ತಿಂಗಳಿಗಿಂತ ತುಸು ಹೆಚ್ಚು. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. "ಒಂದು ಸಲ" ಎಂದದ್ದು ಎರಡಾಗುವುದು ಹೀಗೆ. ಮೊದಲ ಸೂಲಿನ ಮರಿಗಳಿಗೇ ಮನೆ ಹುಡುಕಿ ಸೋತವರು ಎರಡನೆಯದನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುತ್ತಾರೆ. ಕಣ್ಣು ಈಗಷ್ಟೇ ತೆರೆದ ಮರಿಗಳು ಅಲ್ಲಿ ಮೀನು ತಿನ್ನಲಾರವು, ನಾಯಿಗಳಿಂದ ತಪ್ಪಿಸಿಕೊಳ್ಳಲಾರವು. ತಾಯ್ತನದ ಬಗ್ಗೆ ಮರುಗಿದ ಕರುಣೆ ಇಲ್ಲಿಗೆ ಬಂದು ಮುಟ್ಟುತ್ತದೆ.

ಆಪರೇಷನ್ ಬಗೆಗಿನ ಭಯ ಸುಳ್ಳಲ್ಲ. ಅರಿವಳಿಕೆಯಲ್ಲಿ ಅಪಾಯ ಪೂರ್ತಿ ಇಲ್ಲವೆನ್ನಲಾಗದು. ಆಮೇಲೆ ಬೆಕ್ಕು ದಪ್ಪಗಾಗುವುದೂ ಉಂಟು, ಊಟದ ಅಳತೆ ಇಳಿಸಬೇಕು. ಬೆದೆಯಲ್ಲಿರುವಾಗ ರಕ್ತಸಂಚಾರ ಹೆಚ್ಚಿರುವುದರಿಂದ ಅನೇಕ ವೈದ್ಯರು ಅದು ಮುಗಿಯಲಿ ಎನ್ನುತ್ತಾರೆ. ಹಾಗೆಂದರೆ ಆ ದಿನಗಳಲ್ಲಿ ಬಾಗಿಲು, ಕಿಟಕಿ ಭದ್ರವಾಗಿರಲಿ.

ಅಮೆರಿಕದ ಪಶುವೈದ್ಯರ ಸಂಘ 2017ರಲ್ಲೇ ಐದು ತಿಂಗಳೊಳಗಿನ ಆಪರೇಷನ್ನಿಗೆ ಬೆಂಬಲ ಕೊಟ್ಟಿದೆ. ನಿಮ್ಮ ಮನೆಯ ಮರಿಗೆ ನಾಲ್ಕು ತಿಂಗಳಾಗಿದ್ದರೆ, ಲಸಿಕೆಗೆ ಹೋದಾಗಲೇ ಡಾಕ್ಟರನ್ನು ಕೇಳಿ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಬನ್ನಿ.