ಉಪನೋಂದಣಿ ಕಚೇರಿಯ ಅಂಕಿ ಹೊಲದ ಬೆಲೆಯಲ್ಲ

ಕರ್ನಾಟಕದಲ್ಲಿ ಕೃಷಿ ಜಮೀನಿನ ಬೆಲೆಯ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಜೊತೆಯಾಗಿ ಕೇಳಿಬರುತ್ತವೆ. ಮುದ್ರಾಂಕ ಶುಲ್ಕ ಉಳಿಸಲು ಜನ ಕ್ರಯಪತ್ರದಲ್ಲಿ ಕಡಿಮೆ ಮೊತ್ತ ಬರೆಸುತ್ತಾರೆ, ಅದರಿಂದಲೇ ಸರ್ಕಾರದ ಅಂಕಿಅಂಶ ಸುಳ್ಳಾಗುತ್ತದೆ ಎಂಬುದು ಒಂದು. ಮಾರ್ಗಸೂಚಿ ದರವನ್ನು ಮಾರುಕಟ್ಟೆಯ ಹತ್ತಿರಕ್ಕೆ ಏರಿಸಿ, ನೋಂದಣಿಯನ್ನೆಲ್ಲ ಕಾವೇರಿ ತಂತ್ರಾಂಶಕ್ಕೆ ತಂದರೆ ಅಂಕಿ ತಾನಾಗಿ ಸರಿಹೋಗುತ್ತದೆ ಎಂಬುದು ಇನ್ನೊಂದು. ಈ ವಾದವನ್ನು ನಾನು ಒಪ್ಪುವುದಿಲ್ಲ. ಕಡಿಮೆ ಬರೆಸುವುದು ನಡೆಯುತ್ತದೆ, ನಿಜ. ಆದರೆ ನಾಳೆಯಿಂದ ಎಲ್ಲರೂ ಕೈಬದಲಾದ ಹಣವನ್ನೇ ಬರೆಸಿದರೂ ಈಗಿನ ಕ್ರಮದಲ್ಲಿ ಹೊಲದ ಬೆಲೆ ತಿಳಿಯುವುದಿಲ್ಲ. ದೋಷ ಅಂಕಿ ಕಟ್ಟುವ ವಿಧಾನದಲ್ಲೇ ಇದೆ.

ದರ ನಿಗದಿಯಾಗುವ ಬಗೆ ನೋಡಿ. 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ 45ಬಿ ಕಲಮಿನ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಇದೆ, ಅದರ ಕೆಳಗೆ ಉಪಸಮಿತಿಗಳಿವೆ. ಹಳ್ಳಿವಾರು, ಎಕರೆಗೆ ಇಷ್ಟು ಎಂದು ಖುಷ್ಕಿ, ತರಿ, ಬಾಗಾಯ್ತಿಗೆ ಬೇರೆಬೇರೆ ದರ ಗೊತ್ತುಮಾಡುತ್ತಾರೆ. ಇದಕ್ಕೆ ದೊಡ್ಡ ಆಧಾರ ಹಿಂದೆ ನೋಂದಣಿಯಾದ ಕ್ರಯಪತ್ರಗಳು. ಮುದ್ರಾಂಕ ಶುಲ್ಕವೋ, ಮಾರ್ಗಸೂಚಿ ದರ ಮತ್ತು ಪತ್ರದಲ್ಲಿ ಬರೆದ ಮೊತ್ತ ಎರಡರಲ್ಲಿ ಹೆಚ್ಚಿನದರ ಮೇಲೆ. ದರಕ್ಕಿಂತ ಹೆಚ್ಚು ಬರೆಸಿದರೆ ಖರ್ಚು. ಕಡಿಮೆ ಬರೆಸಿದರೆ 45ಎ ಕಲಮಿನ ವಿಚಾರಣೆ. ಹೀಗಾಗಿ ದರಕ್ಕೆ ಸರಿಯಾಗಿ ಬರೆಸುವುದೇ ರೂಢಿ. ಮುಂದಿನ ಪರಿಷ್ಕರಣೆಗೆ ಸಮಿತಿ ಕೂತಾಗ ಅದರ ಮುಂದೆ ಬರುವುದು ಇವೇ ಪತ್ರಗಳು. ತಾನೇ ಕೊಟ್ಟ ಅಂಕಿಯನ್ನು ಇಲಾಖೆ ಮಾರುಕಟ್ಟೆಯ ಸಾಕ್ಷ್ಯವೆಂದು ಮತ್ತೆ ಓದುತ್ತದೆ.

2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಹೊಸ ಮಾರ್ಗಸೂಚಿ ದರ ಜಾರಿಯಾಯಿತು. ಅಂದಿನಿಂದ ಪತ್ರಗಳಲ್ಲಿ ಹೊಸ ಮೊತ್ತ ಬಂತು. ಊರಿನಲ್ಲಿ ಹೊಲದ ಬೆಲೆ ಸೆಪ್ಟೆಂಬರ್ 30ರ ರಾತ್ರಿ ಬದಲಾಗಿರಲಿಲ್ಲ. ತಂತ್ರಾಂಶ ಟೈಪು ಮಾಡಿದ್ದನ್ನು ಅಚ್ಚುಕಟ್ಟಾಗಿ ಇಡಬಲ್ಲದು. ಆ ಮೊತ್ತ ಎಲ್ಲಿಂದ ಬಂತೆಂದು ಹೇಳಲಾರದು.

ಇನ್ನು ಸರಾಸರಿಯ ವಿಷಯ. ಒಂದು ಹಳ್ಳಿಯಲ್ಲಿ ವರ್ಷಕ್ಕೆ ನಾಲ್ಕು ಕ್ರಯ ನಡೆದವು ಎಂದುಕೊಳ್ಳಿ. ಆಸ್ಪತ್ರೆಯ ಬಿಲ್ಲು ಕಟ್ಟಲು ತುರ್ತಾಗಿ ಮಾರಿದ ಎರಡು ಎಕರೆ. ಅಣ್ಣ ತಮ್ಮನಿಗೆ ಕೊಟ್ಟ ಒಂದು ಎಕರೆ. ಪಕ್ಕದ ಹೊಲದವನು ದಾರಿಗಾಗಿ ಕೊಂಡ ಐದು ಗುಂಟೆ. ಪಟ್ಟಣದವರು ತೋಟದ ಮನೆಗೆಂದು ಡಾಂಬರು ರಸ್ತೆ ಬದಿಯಲ್ಲಿ ಕೊಂಡ ಹತ್ತು ಗುಂಟೆ. ಕೊನೆಯದಕ್ಕೆ 10 ಲಕ್ಷ ರೂಪಾಯಿ ಆಗಿದ್ದರೆ ಪಟ್ಟಿಯಲ್ಲಿ ಅದು ಎಕರೆಗೆ 40 ಲಕ್ಷ. ನಾಲ್ಕರಲ್ಲೂ ಸತ್ಯವೇ ಬರೆದಿದ್ದರೂ ಅವನ್ನು ಕೂಡಿಸಿ ಭಾಗಿಸಿದರೆ ಬರುವ ಅಂಕಿ ಆ ಹಳ್ಳಿಯ ಯಾವ ಹೊಲದ ಬೆಲೆಯೂ ಅಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆದ ಮೇಲೆ ಈ ಬೆರಕೆಗೆ ಇನ್ನಷ್ಟು ಅವಕಾಶವಾಗಿದೆ. ಒಬ್ಬ ಬೆಳೆ ಲೆಕ್ಕಹಾಕಿ ಕೊಳ್ಳುತ್ತಾನೆ, ಇನ್ನೊಬ್ಬ ಮುಂದೆ ಆಗಬಹುದಾದ ಸೈಟು ಲೆಕ್ಕಹಾಕಿ. ಅದರ ಮೇಲೆ, ಪಹಣಿಯಲ್ಲಿ ಖುಷ್ಕಿ ಎಂದೇ ಉಳಿದ ಎಷ್ಟೋ ಹೊಲಗಳಲ್ಲಿ ಇಂದು ಕೊಳವೆಬಾವಿಯ ನೀರಿನ ಅಡಿಕೆ ತೋಟವಿದೆ.

ಇದರ ಪೆಟ್ಟು ಬೀಳುವುದು ಭೂಮಿ ಕಳೆದುಕೊಳ್ಳುವ ರೈತನಿಗೆ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮು ಆತನ ಪರವಾಗಿಯೇ ಬರೆದದ್ದು: ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಆರಿಸಿ ಸರಾಸರಿ ತೆಗೆಯಿರಿ, ಅದು ಮಾರ್ಗಸೂಚಿ ದರಕ್ಕಿಂತ ಹೆಚ್ಚಿದ್ದರೆ ಅದನ್ನೇ ಕೊಡಿ ಎನ್ನುತ್ತದೆ. ಆದರೆ ಪತ್ರಗಳೆಲ್ಲ ಮಾರ್ಗಸೂಚಿ ದರವನ್ನೇ ಹೇಳುತ್ತಿದ್ದರೆ ಮೇಲಿನ ಅರ್ಧವೂ ಒಂದೇ, ಕೆಳಗಿನ ಅರ್ಧವೂ ಒಂದೇ. ಸ್ವಾಧೀನಕ್ಕೆ ಮೊದಲು ಜಿಲ್ಲಾಧಿಕಾರಿ ಆ ಪ್ರದೇಶದ ಮಾರುಕಟ್ಟೆ ಮೌಲ್ಯವನ್ನು ಪರಿಷ್ಕರಿಸಬೇಕು ಎಂದೂ ಅದೇ ಕಲಮು ಹೇಳುತ್ತದೆ. ಯಾವುದನ್ನು ನೋಡಿ ಪರಿಷ್ಕರಿಸಬೇಕು? ಅವರ ಕೈಯಲ್ಲಿ ಬೇರೆ ಅಳತೆಯೇ ಇಲ್ಲ.

ಹಾಗಾದರೆ ದರ ಏರಿಸಿದರೆ ಪರಿಹಾರವೂ ಏರುವುದಲ್ಲವೇ ಎಂದು ಕೇಳಬಹುದು. ಏರುತ್ತದೆ. ಆದರೆ ಸ್ವಾಧೀನದ ಸುಳಿವೂ ಇಲ್ಲದ ಊರುಗಳಲ್ಲಿ, ಸಾಲ ಮಾಡಿ ಪಕ್ಕದ ಒಂದು ಎಕರೆ ಕೊಳ್ಳುವ ಸಣ್ಣ ರೈತ ತಾನು ಕೊಡದ ಬೆಲೆಗೂ ಶುಲ್ಕ ಕಟ್ಟಬೇಕಾಗುತ್ತದೆ. ಅಳೆಯದೆ ಏರಿಸಿದ ದರ ಒಬ್ಬ ರೈತನಿಗೆ ಕೊಡುವುದನ್ನು ಇನ್ನೊಬ್ಬನಿಂದ ಕಿತ್ತುಕೊಳ್ಳುತ್ತದೆ.

ಬೇರೆ ದಾರಿ ಇದೆ. ಫ್ರಾನ್ಸಿನಲ್ಲಿ 1960ರ ಕಾನೂನಿನಿಂದ ಹುಟ್ಟಿದ ಸಾಫೆರ್ ಸಂಸ್ಥೆಗಳಿಗೆ ಗ್ರಾಮೀಣ ಜಮೀನಿನ ಮಾರಾಟದ ಸೂಚನೆ ಬರುತ್ತದೆ. ಬೆಲೆ ಲೆಕ್ಕಹಾಕುವಾಗ 70 ಆರ್‌ಗಿಂತ, ಅಂದರೆ ಸುಮಾರು ಒಂದೂಮುಕ್ಕಾಲು ಎಕರೆಗಿಂತ, ಚಿಕ್ಕ ತುಂಡುಗಳನ್ನು ಬಿಡುತ್ತಾರೆ. ಗೇಣಿಗೆ ಕೊಟ್ಟ ಹೊಲ ಬೇರೆ, ಖಾಲಿ ಹೊಲ ಬೇರೆ. ವಾಸಕ್ಕೆ, ವಿಹಾರಕ್ಕೆ ಕೊಂಡದ್ದು ಮತ್ತೂ ಬೇರೆ. ಸಣ್ಣ ಹಿಡುವಳಿಯ ನಮ್ಮಲ್ಲಿ ಆ ಮಿತಿ ನಡೆಯದು. ವಿಂಗಡಣೆಯ ಶಿಸ್ತು ನಡೆಯುತ್ತದೆ. ಅಳತೆಯ ಶಿಸ್ತಂತೂ ನಮಗೆ ಹೊಸದಲ್ಲ. ಇಳುವರಿ ತಿಳಿಯಲು ಆಯ್ದ ಹೊಲಕ್ಕೇ ಹೋಗಿ, ತಾಕು ಗುರುತಿಸಿ, ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗ ದಶಕಗಳಿಂದ ನಡೆಯುತ್ತಿದೆ. ರಾಗಿಯ ತೂಕಕ್ಕೆ ತೋರಿಸುವ ಈ ಎಚ್ಚರ ರಾಗಿ ಬೆಳೆಯುವ ನೆಲದ ಬೆಲೆಗೇಕಿಲ್ಲ?

ಸರ್ಕಾರ ಮೂರು ಕೆಲಸ ಮಾಡಬೇಕು. ಶುಲ್ಕದ ದರ ನೋಂದಣಿ ಇಲಾಖೆಯಲ್ಲಿರಲಿ. ಬೆಲೆಯ ಅಂಕಿಅಂಶವನ್ನು ಅಲ್ಲಿಂದ ಬಿಡಿಸಿ, ತೆರಿಗೆಗೆ ಸಂಬಂಧವಿಲ್ಲದ ಮಾದರಿ ಸಮೀಕ್ಷೆಯ ಮೂಲಕ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಸಿದ್ಧಪಡಿಸಲಿ. ಸಮೀಕ್ಷೆಗೆ ಹೇಳಿದ ಬೆಲೆಯನ್ನು ಯಾವ ತೆರಿಗೆ ಪ್ರಕರಣಕ್ಕೂ ಬಳಸುವುದಿಲ್ಲ ಎಂಬ ರಕ್ಷಣೆ ಕಾನೂನಿನಲ್ಲಿರಲಿ. ಹೋಬಳಿವಾರು ಪ್ರಕಟಿಸುವಾಗ ಸರಾಸರಿಯ ಜೊತೆಗೆ ಎಷ್ಟು ಕ್ರಯ, ಎಂಥ ನೆಲ, ಎಷ್ಟು ವಿಸ್ತೀರ್ಣ, ಅತಿ ಕಡಿಮೆ ಮತ್ತು ಅತಿ ಹೆಚ್ಚು ಬೆಲೆ ಎಷ್ಟು ಎಂಬುದನ್ನೂ ಕೊಡಲಿ. ಇಷ್ಟಾಗುವವರೆಗೆ ಉಪನೋಂದಣಿ ಕಚೇರಿಯ ಪಟ್ಟಿಯನ್ನು ತೆರಿಗೆಯ ಪಟ್ಟಿಯೆಂದೇ ಕರೆಯೋಣ. ಅದನ್ನು ಮಾರುಕಟ್ಟೆ ಬೆಲೆಯೆಂದು ಹೇಳಿ ರೈತನ ನೆಲ ಪಡೆಯುವುದು ಅನ್ಯಾಯ.