ಶಾಸ್ತ್ರಿಗಳ ಭೂಮಿ, ಕರಣಿಕರ ಸೀಮೆ

ಮಧ್ಯಯುಗದ ಇಸ್ಲಾಮೀ ರಾಜ್ಯಗಳ ಪರರಾಷ್ಟ್ರನೀತಿಯನ್ನು ವಿವೇಚಿಸುವವರು ಸಾಮಾನ್ಯವಾಗಿ ಒಂದೇ ಸೂತ್ರವನ್ನು ಹಿಡಿದು ಹೊರಡುತ್ತಾರೆ: ಭೂಮಂಡಲವು ಇಸ್ಲಾಮಿನ ಆಳ್ವಿಕೆಗೆ ಒಳಪಟ್ಟ ದಾರ್ ಅಲ್-ಇಸ್ಲಾಂ ಎಂದೂ ಅದಕ್ಕೆ ಹೊರತಾದ ದಾರ್ ಅಲ್-ಹರ್ಬ್ ಎಂದೂ ಇಬ್ಭಾಗವಾಗಿದೆ, ಎರಡರ ನಡುವೆ ಯುದ್ಧವೇ ಸಹಜಸ್ಥಿತಿ, ಸಂಧಿಯೆಂಬುದು ಆ ಯುದ್ಧದ ನಡುವಣ ವಿಶ್ರಾಂತಿ. ಸೂತ್ರವು ಸುಳ್ಳಲ್ಲ. ಆದರೆ ಅದನ್ನು ರಚಿಸಿದವರು ಯಾರು, ಯಾವ ಪ್ರಶ್ನೆಗೆ ಉತ್ತರವಾಗಿ ರಚಿಸಿದರು ಎಂಬುದನ್ನು ವಿಚಾರಿಸದೆ ಅದರಿಂದ ರಾಜರ ನಡತೆಯನ್ನೆಲ್ಲ ಅಳೆಯಹೊರಡುವುದು, ಧರ್ಮಶಾಸ್ತ್ರದ ಗ್ರಂಥಗಳನ್ನು ಮಾತ್ರ ಓದಿ ನಮ್ಮ ಪಾಳೆಯಗಾರರ ವ್ಯವಹಾರವನ್ನು ನಿರ್ಣಯಿಸಿದಂತೆಯೇ ಸರಿ.

ಈ ಶಾಸ್ತ್ರಭಾಗಕ್ಕೆ ‘ಸಿಯರ್’ ಎಂದು ಹೆಸರು. ಅದನ್ನು ವ್ಯವಸ್ಥಿತವಾಗಿ ಬೆಳೆಸಿದವರಲ್ಲಿ ಅಗ್ರಗಣ್ಯನೆಂದರೆ ಅಬೂ ಹನೀಫಾನ ಶಿಷ್ಯನೂ, ಹಾರೂನ್ ಅಲ್-ರಷೀದನ ಕಾಲದಲ್ಲಿ ರಕ್ಕಾ ನಗರದ ಕಾಜಿಯಾಗಿದ್ದವನೂ, 805ರ ಸುಮಾರಿಗೆ ತೀರಿಕೊಂಡವನೂ ಆದ ಶೈಬಾನಿ. ಅವನನ್ನು ಓದುವಾಗ ಎದ್ದುಕಾಣುವುದು ಯುದ್ಧೋತ್ಸಾಹವಲ್ಲ, ನ್ಯಾಯಾಧಿಕಾರಿಯ ತಾಳ್ಮೆ. ಶತ್ರುದೇಶಕ್ಕೆ ಅಭಯ ಪಡೆದು ಹೋದ ವರ್ತಕನು ಅಲ್ಲಿ ಮಾಡಿದ ಸಾಲದ ದಾವೆಯನ್ನು ನಮ್ಮ ಕಾಜಿಯು ವಿಚಾರಿಸಬಹುದೆ? ಸಾಮಾನ್ಯ ಮುಸಲ್ಮಾನನೊಬ್ಬನು ಕೊಟ್ಟ ಅಭಯವು ಇಡೀ ಸಮಾಜವನ್ನು ಕಟ್ಟಿಹಾಕುವುದೆ? ಅವನ ಚಿಂತನೆಯೆಲ್ಲ ಮನುಷ್ಯರ ಮೇಲಣ ಅಧಿಕಾರವನ್ನು ಕುರಿತದ್ದು. ನೆಲವು ಆ ಅಧಿಕಾರದ ನೆರಳು ಬಿದ್ದೆಡೆ ಮಾತ್ರ.

ನೆಲವೇ ವಿಷಯವಾಗುವ ಒಂದು ಚರ್ಚೆ ಇದಕ್ಕೆ ಅಪವಾದ. ಇಸ್ಲಾಮಿನ ಸೀಮೆಯೊಂದು ಪರರ ವಶವಾದರೆ ಅದು ದಾರ್ ಅಲ್-ಹರ್ಬ್ ಆಗುವುದು ಯಾವಾಗ? ಅಲ್ಲಿ ಪರರ ಕಾನೂನು ನಡೆಯಬೇಕು, ಆ ಸೀಮೆಯು ಶತ್ರುದೇಶಕ್ಕೆ ಹೊಂದಿಕೊಂಡಿರಬೇಕು, ಅಲ್ಲಿನ ನಿವಾಸಿಗಳಿಗೆ ಹಿಂದಿನ ಅಭಯದ ರಕ್ಷಣೆ ಇಲ್ಲವಾಗಿರಬೇಕು, ಈ ಮೂರೂ ಕೂಡಿದಾಗ ಮಾತ್ರ ಎಂದು ಅಬೂ ಹನೀಫಾ. ಕಾನೂನು ಬದಲಾದರೆ ಸಾಕೆಂದು ಅವನ ಶಿಷ್ಯರಾದ ಅಬೂ ಯೂಸುಫ್ ಮತ್ತು ಶೈಬಾನಿ. ತರ್ಕಶುದ್ಧಿಯಲ್ಲಿ ಶಿಷ್ಯರದೇ ಮೇಲುಗೈ. ಆದರೂ ಭೂಗೋಳವನ್ನು ಕಂಡವನು ಗುರುವೇ ಎಂದು ನನಗೆ ತೋರುತ್ತದೆ. ದುರ್ದೈವದಿಂದ ಆ ಬೀಜವು ಶಾಸ್ತ್ರದಲ್ಲಿ ಮರವಾಗಲಿಲ್ಲ.

ಅದು ಮರವಾದದ್ದು ಶಾಸ್ತ್ರಿಗಳು ಗಣನೆಗೆ ತೆಗೆದುಕೊಳ್ಳದ ದಫ್ತರಗಳಲ್ಲಿ, ಕರಣಿಕರ ಲೇಖನಿಯಲ್ಲಿ. 1283ರಲ್ಲಿ ಈಜಿಪ್ಟಿನ ಮಮ್ಲೂಕ ಸುಲ್ತಾನ ಖಲಾವೂನನು ಅಕ್ಕಾ ನಗರದ ಫ್ರಾಂಕರೊಡನೆ ಮಾಡಿಕೊಂಡ ಒಡಂಬಡಿಕೆಯನ್ನು ನೋಡಿ. ಸುಲ್ತಾನನ ಕೋಟೆಗಳು, ಬಂದರುಗಳು, ನಾಡುಗಳು ಒಂದೊಂದಾಗಿ ಹೆಸರುಗೊಂಡು ಬರುತ್ತವೆ. ಬಳಿಕ ಫ್ರಾಂಕರಿಗೆ ಉಳಿದ ಅಕ್ಕಾ, ಸೈದಾ, ಅತ್ಲೀತ್‌ಗಳೂ ಅವುಗಳಿಗೆ ಸೇರಿದ ಹಳ್ಳಿಗಳೂ. ಒಡೆದ ಹಡಗಿನ ಸರಕು ಯಾರದು, ಸಮುದ್ರದಾಚೆಯಿಂದ ರಾಜನೊಬ್ಬನು ದಂಡೆತ್ತಿ ಬರುತ್ತಿದ್ದರೆ ಎರಡು ತಿಂಗಳು ಮುಂಚಿತವಾಗಿ ಸುಲ್ತಾನನಿಗೆ ತಿಳಿಸುವ ಹೊಣೆ ಯಾರದು ಎಂಬುದೂ ಅಲ್ಲಿದೆ. ಆ ಕಾಲದ ಇಂಥ ಬೇರೆ ಒಡಂಬಡಿಕೆಗಳಲ್ಲಿ, ಎರಡು ಕಡೆಯವರೂ ಹುಟ್ಟುವಳಿಯನ್ನು ಸಮಪಾಲಾಗಿ ಹಂಚಿಕೊಂಡು ಜಂಟಿಯಾಗಿ ಆಳತಕ್ಕ ಸೀಮೆಗಳೂ ಉಂಟು. ಶಾಸ್ತ್ರದ ಇಬ್ಭಾಗದಲ್ಲಿ ಇಂಥ ನೆಲಕ್ಕೆ ಸ್ಥಾನವೆಲ್ಲಿ? ಅಕ್ಕಾ ಒಡಂಬಡಿಕೆಯ ಅವಧಿಯೋ ಹತ್ತು ವರ್ಷ, ಹತ್ತು ತಿಂಗಳು, ಹತ್ತು ದಿನ, ಹತ್ತು ಗಂಟೆ! ಪ್ರವಾದಿಯ 628ರ ಹುದೈಬಿಯಾ ಸಂಧಿಯನ್ನು ಪ್ರಮಾಣವಾಗಿಟ್ಟುಕೊಂಡು ಕದನವಿರಾಮವು ಹತ್ತು ವರ್ಷವನ್ನು ಮೀರಕೂಡದೆಂದ ಶಾಸ್ತ್ರಕಾರ ಶಾಫಿಈಯ ಮಿತಿಗೆ ವಂದಿಸಿ, ಅದರ ಹೊಸ್ತಿಲನ್ನು ಕರಣಿಕನು ಮೆಲ್ಲನೆ ದಾಟಿದ್ದಾನೆ. ಅವಧಿ ಮುಗಿಯುವುದಕ್ಕೆ ಸುಲ್ತಾನನ ಮಗ ಕಾಯಲಿಲ್ಲ. 1291ರಲ್ಲಿ ಅಕ್ಕಾ ಬಿದ್ದಿತು. ಆದರೆ ಮುರಿದ ಒಪ್ಪಂದವೂ ಅದನ್ನು ಬರೆದವರ ಕಣ್ಣಿಗೆ ನೆಲವು ಹೇಗೆ ಕಂಡಿತ್ತೆಂಬುದಕ್ಕೆ ಸಾಕ್ಷಿಯೇ.

1412ರಲ್ಲಿ ಕೈರೋದ ಖಲ್ಖಶಂದಿಯು ಪೂರೈಸಿದ ‘ಸುಬ್ಹ್ ಅಲ್-ಅಅಶಾ’ ಎಂಬ ಬೃಹತ್ ಕೈಪಿಡಿಯು ಇಂಥ ಪತ್ರಗಳನ್ನು ಸಂಗ್ರಹಿಸಿಟ್ಟಿದೆ. ಆತನಿಗೆ ಅವುಗಳ ಗದ್ಯ ಹಿಡಿಸಲಿಲ್ಲ. ಎರಡು ಕಡೆಯ ಲಿಪಿಕಾರರು ಕೂಡಿ ಕುಳಿತು ವಾಕ್ಯ ವಾಕ್ಯವಾಗಿ ಒಪ್ಪಿಕೊಂಡು ಬರೆದುದರಿಂದ ಭಾಷೆ ಒರಟಾಯಿತೆಂದು ಅವನ ಆಕ್ಷೇಪಣೆ. ಅವನು ದೋಷವೆಂದದ್ದನ್ನೇ ನಾನು ಆ ಪರಂಪರೆಯ ಪರಮಗುಣವೆನ್ನುತ್ತೇನೆ: ಆ ಒರಟುತನದಲ್ಲಿ ಎದುರಾಳಿಯ ದನಿಯೂ ಕೇಳಿಸುತ್ತದೆ.

ಇದರ ವಿಪರ್ಯಯವನ್ನು ನಮ್ಮ ಬೀದರಿನಲ್ಲಿಯೇ ಕಾಣಬಹುದು. ಬಹಮನೀ ರಾಜ್ಯದ ಮಂತ್ರಿ ಮಹಮೂದ್ ಗವಾನನು ಪತ್ರಲೇಖನಕಲೆಯ ಆಚಾರ್ಯನೆನಿಸಿದವನು. ಅವನ ‘ರಿಯಾಜ್ ಅಲ್-ಇನ್ಶಾ’ದಲ್ಲಿ ದೂರದ ಸುಲ್ತಾನರಿಗೂ ವಿದ್ವಾಂಸರಿಗೂ ಬರೆದ ಪತ್ರಗಳಿವೆ. ಪಾಂಡಿತ್ಯಕ್ಕೆ ಕೊರತೆಯಿಲ್ಲ, ಉಪಮೆರೂಪಕಗಳಿಗೆ ಬರವಿಲ್ಲ. ಆದರೆ ಆ ಅಲಂಕಾರದ ದಟ್ಟಣೆಯಲ್ಲಿ ನೆಲವು ಕಾಲಿಗೆ ಸಿಕ್ಕುವುದು ಅಪರೂಪ. ಗವಾನನ ಭೂಮಿಪ್ರಜ್ಞೆಯನ್ನು ಅರಸಬೇಕಾದದ್ದು ಅವನ ಆಡಳಿತದಲ್ಲಿ. ರಾಜ್ಯದ ನಾಲ್ಕು ತರಫುಗಳನ್ನು, ಎಂದರೆ ಪ್ರಾಂತಗಳನ್ನು, ಎಂಟಾಗಿ ಒಡೆದು, ಒಬ್ಬೊಬ್ಬ ತರಫದಾರನ ಕೈಯಲ್ಲಿ ಒಂದೊಂದೇ ಕೋಟೆಯನ್ನುಳಿಸಿ, ಮಿಕ್ಕವನ್ನು ನೇರವಾಗಿ ಅರಸನ ಅಧೀನಕ್ಕೆ ತಂದವನು ಅವನು. ಅದರಿಂದ ಅಧಿಕಾರ ಮೊಟಕಾದ ಸರದಾರರ ದ್ವೇಷವೇ ಮುಂದೆ ಅವನಿಗೆ ಮುಳುವಾಯಿತು. ಫಿರಿಷ್ತಾನ ಚರಿತ್ರೆಯ ಪ್ರಕಾರ, ವೈರಿಗಳು ಅವನ ಮುದ್ರೆಯೊತ್ತಿದ ಖಾಲಿ ಕಾಗದವೊಂದನ್ನು ಸಂಪಾದಿಸಿ, ದಂಡೆತ್ತಿ ಬರಬೇಕೆಂದು ಒರಿಸ್ಸಾದ ಅರಸನನ್ನು ಆಹ್ವಾನಿಸುವ ಪತ್ರವನ್ನು ಅದರ ಮೇಲೆ ಬರೆಸಿದರು. ಅದನ್ನು ನಂಬಿದ ಸುಲ್ತಾನನು 1481ರಲ್ಲಿ ವೃದ್ಧ ಮಂತ್ರಿಯ ಶಿರಚ್ಛೇದನ ಮಾಡಿಸಿದನು.