ಮಲೆನಾಡಿನ ಕಾದಂಬರಿಗಳಲ್ಲಿ ವನ: ಉದ್ದೀಪನವೋ, ಆಲಂಬನವೋ?

ಮಹಾಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳಿರತಕ್ಕದ್ದೆಂಬುದು ಸುಪ್ರಸಿದ್ಧವಾದ ಸಂಪ್ರದಾಯ. ಅವುಗಳೊಳಗೆ ವನ, ಶೈಲ, ಋತು ಮೊದಲಾದುವು ಬಹುಮಟ್ಟಿಗೆ ನಾಯಕನಾಯಿಕೆಯರ ಭಾವವನ್ನು ಕೆರಳಿಸುವ ಉದ್ದೀಪನವಿಭಾವಗಳಾಗಿಯೇ ನಿಲ್ಲುತ್ತವೆ. ಭಾವಕ್ಕೆ ವಿಷಯವಾಗತಕ್ಕ ಆಲಂಬನಸ್ಥಾನವು ಪ್ರಾಯಶಃ ಮನುಷ್ಯನಿಗೇ ಮೀಸಲು. ಶಾಕುಂತಲದ ಚತುರ್ಥಾಂಕದಲ್ಲಿ ಆಶ್ರಮದ ತರುಲತೆಗಳು ಬಂಧುಗಳಂತೆ ಶಕುಂತಲೆಯನ್ನು ಬೀಳ್ಕೊಡುವುದು ಇದಕ್ಕೆ ಅಪವಾದ. ಆ ಅಂಕದ ಹಿರಿಮೆಗೆ ಅದೂ ಒಂದು ಕಾರಣ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗವಾಗಿ ಧುಮುಕುವ ಶರಾವತಿಯ ಈ ನಾಡು ಕನ್ನಡ ಕಾದಂಬರಿಗೆ ಎರಡು ಬಗೆಯ ವನದರ್ಶನವನ್ನಿತ್ತಿದೆ. ಒಂದು ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಕುವೆಂಪು ಅವರದು. ಇನ್ನೊಂದು ಸಾಗರದ ನಾ. ಡಿ'ಸೋಜ ಅವರದು. ಇವೆರಡನ್ನೂ 'ಪ್ರಕೃತಿವರ್ಣನೆ' ಎಂಬ ಒಂದೇ ಮಾತಿನಿಂದ ಹೊಗಳಿ ಬಿಡುವುದು ವಿಮರ್ಶೆಯೆನಿಸದು.

1936ರ 'ಕಾನೂರು ಹೆಗ್ಗಡಿತಿ'ಯಲ್ಲಿ ಕಾಡು ಹೂವಯ್ಯನ ಕಣ್ಣಿಗೆ ಧ್ಯಾನಮಂದಿರ. ಅಲ್ಲಿ ಅದು ಶಾಂತಾದ್ಭುತಗಳಿಗೆ ಉದ್ದೀಪನವೇ. ಕೆಲವೆಡೆ ವರ್ಣನೆಯು ಮಿತಿಮೀರಿ ಕಥೆಯನ್ನು ತಡೆಯುವುದೂ ಉಂಟು. 1967ರ 'ಮಲೆಗಳಲ್ಲಿ ಮದುಮಗಳು' ಹಾಗಲ್ಲ. ಅಲ್ಲಿ ಮರ, ಮಳೆ, ಇಂಬಳಗಳು ಯಾರ ಭಾವಕ್ಕೂ ಊಳಿಗ ಮಾಡದೆ, ಜನರೊಡನೆ ಸಮಪಂಕ್ತಿಯಲ್ಲಿ ಬಾಳುತ್ತವೆ.

ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಹಿನ್ನೀರು ಏರುತ್ತಿರಲು ನೆಲವನ್ನು ಬಿಡಲಾರದ ಗಣಪಯ್ಯ ನಾಗವೇಣಿಯರ ಕಥೆ ಡಿ'ಸೋಜರ 'ದ್ವೀಪ'. ಇದರಲ್ಲಿ ವರ್ಣನೆ ಅತ್ಯಲ್ಪ. ಹಾಗೆಂದು ಇಲ್ಲಿ ವನಕ್ಕೆ ಪ್ರಾಧಾನ್ಯವಿಲ್ಲವೆಂದರೆ ತಪ್ಪಾದೀತು. ಈ ಸೀಮೆಯ ಅಡಕೆಯ ತೋಟವು ಸೊಪ್ಪಿನಬೆಟ್ಟದ ಸೊಪ್ಪನ್ನುಂಡು ಬೆಳೆಯತಕ್ಕದ್ದು. ನೆಟ್ಟ ಸಸಿ ಫಲಕ್ಕೆ ಬರಲು ಹಲವು ವರ್ಷಗಳು ಬೇಕು. ತಂದೆ ನೆಟ್ಟುದನ್ನು ಮಗನು ಉಣ್ಣುತ್ತಾನೆ. ಪರಿಹಾರದ ಹಣವು ನೆಲಕ್ಕೆ ಬೆಲೆ ಕಟ್ಟೀತು, ಈ ಸಂಬಂಧವನ್ನು ಬೇರೆಡೆಗೆ ಒಯ್ಯಲಾರದು.

ಇಷ್ಟನಾಶದಿಂದ ಕರುಣವೆಂಬುದು ಶಾಸ್ತ್ರಸಮ್ಮತ. ನಾಟ್ಯಶಾಸ್ತ್ರವು ವಿಭವನಾಶವನ್ನೂ ಕರುಣದ ವಿಭಾವಗಳಲ್ಲಿ ಎಣಿಸಿದೆ. ಆದರೆ 'ದ್ವೀಪ'ದಲ್ಲಿ ಮುಳುಗುವುದು ವಿಭವವಲ್ಲ, ಬಂಧು. ನೆಲವೇ ಇಲ್ಲಿ ಶೋಕಕ್ಕೆ ಆಲಂಬನ. ಶಾಸ್ತ್ರದ ಸೂತ್ರವು ಇದರಿಂದ ಮುರಿಯುವುದಿಲ್ಲ; 'ಇಷ್ಟ'ವೆಂಬ ಪದದ ಅರ್ಥವು ವಿಸ್ತಾರಗೊಳ್ಳುತ್ತದೆ.

ಕಣ್ವಾಶ್ರಮದಲ್ಲಿ ಹೊರಟವಳು ಶಕುಂತಲೆ, ಉಳಿದುವು ಮರಗಳು. ಶರಾವತಿಯ ಕಣಿವೆಯಲ್ಲಾದರೋ ಮರಗಳೇ ಮೊದಲು ಮುಳುಗಿದುವು. ಮನುಷ್ಯನು ದಡದಲ್ಲಿ ನಿಂತು ಅವನ್ನು ಬೀಳ್ಕೊಡಬೇಕಾಯಿತು.